ತಂಗಿ ಬಿವಿಎ ಮಾಡ್ತೀನಿ ಅಂತ ಹಟ ಹಿಡದಾಳ, ಚಿತ್ರ ಬರದು ಹೊಟ್ಟಿ ತುಂಬ್ತದೇನ್ರಿ?

ರಾಣೆಬೆನ್ನೂರ್ ಹುಡುಗ:

ಎಲ್ಲಾರಿಗೂ ನಮಸ್ಕಾರ್ರಿ. ನಾ ರಾಣೆಬೆನ್ನೂರದಾಂವ, ಇಲ್ಲೇ ಒಂದ್ ಟ್ರಾನ್ಸ್‌ಪೋರ್ಟ್ ಆಫೀಸ್ನ್ಯಾಗ ಬಿಲ್ಲಿಂಗ್ ನೋಡ್ಕೋತೀನಿ. ಚಿತ್ರಕಲಾ ಅಂದ್ರ ನನಗ ಏನೂ ತಿಳಿಯಂಗಿಲ್ಲ, ಅದಕ್ಕ ತಿಳದೋರ ಹತ್ರ ಕೇಳಾಕತ್ತೀನಿ, ಪ್ರಶ್ನಿ ಪೆದ್ದು ಅನ್ನಿಸಿದ್ರ ಬೈಬ್ಯಾಡ್ರಿ.

ನಮ್ ತಂಗಿ ಸೆಕೆಂಡ್ ಪಿಯು ಕಾಮರ್ಸ್, ಬರೋ ತಿಂಗಳ ಎಕ್ಸಾಮ್ ಅದಾವ. ಜನವರಿ ಮೊದಲ್ನೇ ಭಾನುವಾರ ಬೆಂಗಳೂರಾಗ ಕುಮಾರಕೃಪಾ ರೋಡಿಗೆ ಚಿತ್ರಸಂತಿ ತೋರಸಾಕ ನಾನಽ ಕರ್ಕೊಂಡ್ ಹೋಗಿದ್ದೆ, ಅವತ್ತಿಂದ ಶುರು ಆಗೇತಿ ನೋಡ್ರಿ, ಬಿಕಾಂ ಬ್ಯಾಡ, ಬಿವಿಎ (ಚಿತ್ರಕಲಾದ ಡಿಗ್ರಿ) ಮಾಡ್ತೀನಿ, ಪೇಂಟರ್ ಆಗ್ತೀನಿ ಅಂತ. ಪೇಂಟರ್ ಅಂದಕೂಡ್ಲೆ ನಮ್ಮಪ್ಪ, ಗ್ವಾಡಿಗೆ ಸುಣ್ಣ ಹಚ್ಚಾಕ ಡಿಗ್ರಿ ಯಾಕ ಬೇಕವಾ ಅಂದ, ಆಕಿ ಎಲ್ಡ್ ದಿನ ಉಣ್ಲಿಲ್ಲ. ಈಗ ಮನ್ಯಾಗ ನಾ ಎಲ್ಡೂ ಪಾರ್ಟಿಗೂ ಬ್ಯಾಡಾಗೀನಿ.

ಆಕಿ ಪೆನ್ಸಿಲ್‌ಲೆ ಮಾರಿ ಭಾಳ ಚಲೋ ತಗೀತಾಳ್ರಿ. ಅಪ್ಪು ಅವರ ಚಿತ್ರ ಬರದು ಇನ್‌ಸ್ಟಾದಾಗ ಹಾಕಿದ್ಲು, ನಾಕ್ ಸಾವಿರ ಲೈಕ್ ಬಂದ್ವು. ನನ್ನ ಪ್ರಶ್ನಿ ಇಷ್ಟ, ಇದ್ರಾಗ ತಿಂಗಳಿಗೆ ಎಷ್ಟು ಗಳಸ್ತಾರ, ಕಾಲೇಜಿಗೆ ಹೋಗಬೇಕೋ ಯೂಟ್ಯೂಬ್ ನೋಡಿ ಕಲತ್ರ ಆಗ್ತದೋ, ಮತ್ತ ಬರೇ ಚಂದ ಬರದ್ರ ಸಾಕೋ ಇನ್ನೇನರ ಕಲೀಬೇಕೋ. ಇದ್ದದ್ದು ಇದ್ದಂಗ ಹೇಳ್ರಿ, ಬೇಕಾದ್ರ ಆಕಿಗೆ ಇದನ್ನಽ ತೋರಸ್ತೀನಿ.

ಇದ್ದಿಲು ಮತ್ತು ಚಹಾ:

ಬ್ರದರ್, ನಿಮ್ಮಪ್ಪಾಜಿಗೆ ನನ್ನ ನಮಸ್ಕಾರ ಹೇಳಿ, ನಮ್ಮಪ್ಪನೂ ಇದೇ ಡೈಲಾಗ್ ಹೊಡೆದಿದ್ರು, ಸುಣ್ಣದ ಬದಲು ಡಿಸ್ಟೆಂಪರ್ ಅಂದಿದ್ರು ಅಷ್ಟೇ. ನಾನು ಮೈಸೂರಿನ ಆರ್ಟ್ ಕಾಲೇಜು ಕಾವಾದಲ್ಲಿ ಪೇಂಟಿಂಗ್ ಮಾಡಿ ಹೊರಗೆ ಬಂದು 16 ವರ್ಷ ಆಯ್ತು. ಈಗ ಬೇರೆ ಕೆಲಸ ಇಲ್ಲ, ಪೇಂಟಿಂಗೇ, ಆದ್ರೆ ಹಾಗಾಗಿ ಏಳು ವರ್ಷ ಅಷ್ಟೇ. ಅದಕ್ಕೆ ಮುಂಚೆ ಒಂಬತ್ತು ವರ್ಷ ಮನೆ ಬಾಡಿಗೆ ಕಟ್ಟಿದ್ದು ಒಂದು ಪ್ರೈವೇಟ್ ಸ್ಕೂಲಿನ ಆರ್ಟ್ ಕ್ಲಾಸು, ದಸರಾ ಟೈಮಲ್ಲಿ ಸ್ತಬ್ಧಚಿತ್ರದ ಕೆಲಸ, ಮದುವೆ ಮನೆ ಬ್ಯಾಕ್‌ಡ್ರಾಪು, ಎರಡು ಸಿನಿಮಾಗೆ ಸೆಟ್ ಬಣ್ಣ ಬಳಿದಿದ್ದು, ಇಂಥವು.

ತಿಂಗಳಿಗೆ ಎಷ್ಟು ಅಂತ ಕೇಳಿದ್ರಲ್ಲ, ನಮಗೆ ತಿಂಗಳ ಲೆಕ್ಕ ಬರಲ್ಲ ಕಣ್ರಿ, ವರ್ಷದ ಲೆಕ್ಕ. ಹೋದ ವರ್ಷ ನಂದು ಒಟ್ಟು 11 ಚಿತ್ರ ಮಾರಾಟ ಆಯ್ತು, ಅದ್ರಲ್ಲಿ 5 ಒಂದೇ ಮನೆಗೆ, ಒಬ್ರು ಆರ್ಕಿಟೆಕ್ಟ್ ಕೊಡಿಸಿದ್ದು. ಏಪ್ರಿಲ್‌ನಿಂದ ಆಗಸ್ಟ್ ತನಕ ಒಂದು ಪೈಸೆ ಇಲ್ಲ. ಸೆಪ್ಟೆಂಬರಲ್ಲಿ ಒಂದೇ ವಾರ ಮೂರು ಫೋನು. ಅಂದ್ರೆ ಬಂದ ದುಡ್ಡನ್ನ ಬಂದ ತಿಂಗಳೇ ಖರ್ಚು ಮಾಡೋ ಸ್ವಭಾವ ಇದ್ರೆ ಈ ಕಡೆ ತಲೆ ಹಾಕಬಾರದು. ನಿಮ್ಮ ತಂಗಿ ಕಾಮರ್ಸ್ ಓದಿರೋದು ನಿಜವಾಗ್ಲೂ ಲಾಭನೇ, ನಮ್ಮಲ್ಲಿ ಅರ್ಧ ಜನಕ್ಕೆ ಬಿಲ್ ಬರೆಯಕ್ಕೂ ಬರಲ್ಲ.

ನಮ್ ಬ್ಯಾಚಲ್ಲಿ ಕೋರ್ಸ್ ಮುಗಿಸಿದ್ದು 23 ಜನ. ಕುಂಚ ಹಿಡ್ಕೊಂಡೇ ಬದುಕ್ತಾ ಇರೋದು ನನ್ನ ಸೇರಿಸಿ ನಾಲ್ಕು ಜನ. ಐದಾರು ಜನ ಸ್ಕೂಲು ಕಾಲೇಜಲ್ಲಿ ಪಾಠ ಮಾಡ್ತಾರೆ. ಇಬ್ರು ಬೆಂಗಳೂರಲ್ಲಿ ಗೇಮ್ ಸ್ಟುಡಿಯೋದಲ್ಲಿದಾರೆ, ಪೋಸ್ಟು ಕಾನ್ಸೆಪ್ಟ್ ಆರ್ಟಿಸ್ಟ್, ಅಂದ್ರೆ ಗೇಮಿನ ಪಾತ್ರ, ಜಾಗ ಹೇಗಿರಬೇಕು ಅಂತ ಮೊದಲು ಬರೆದು ತೋರಿಸೋರು, ನಮ್ಮೆಲ್ಲರಿಗಿಂತ ಸಂಬಳ ಅವರದ್ದೇ ಜಾಸ್ತಿ, ಅವರನ್ನ ತಗೊಂಡಿದ್ದು ಸಾಫ್ಟ್‌ವೇರ್ ಬರುತ್ತೆ ಅಂತಲ್ಲ, ಮನುಷ್ಯನ ಮೈಕಟ್ಟು ಕಣ್ಮುಚ್ಚಿ ಬರೀತಾರೆ ಅಂತ. ಒಬ್ಬ ಸಿನಿಮಾ ಆರ್ಟ್ ಡಿಪಾರ್ಟ್‌ಮೆಂಟು. ಒಬ್ಬಳು ಹಳೇ ಚಿತ್ರಗಳ ಕನ್ಸರ್ವೇಶನ್, ಅಂದ್ರೆ ಹಾಳಾಗದಂತೆ ಕಾಪಾಡೋದು, ಕಲಿತು ಅದ್ರಲ್ಲೇ ಸೆಟಲ್ ಆದ್ಲು, ಬೆಂಗಳೂರಲ್ಲಿ ಚಿತ್ರಕಲಾ ಪರಿಷತ್ತಿನ ಕ್ಯಾಂಪಸ್ಸಲ್ಲೇ ಪರಂಪರೆ ಉಳಿಸೋ ಸಂಸ್ಥೆ ಇಂಟ್ಯಾಕ್‌ನವರ ಕನ್ಸರ್ವೇಶನ್ ಸೆಂಟರ್ ಇದೆ, ಬಹಳ ಜನಕ್ಕೆ ಅದು ಗೊತ್ತೇ ಇಲ್ಲ. ಉಳಿದೋರು ರಿಯಲ್ ಎಸ್ಟೇಟು, ಬೇಕರಿ, ಒಬ್ಬ ಪೊಲೀಸ್.

ಇನ್ನು ಯೂಟ್ಯೂಬಾ ಕಾಲೇಜಾ. ಬಣ್ಣ ಕಲಸೋದು, ಟೆಕ್ನಿಕ್ಕು ಯೂಟ್ಯೂಬಲ್ಲಿ ಬರುತ್ತೆ, ಇಲ್ಲ ಅನ್ನಲ್ಲ. ಆದ್ರೆ ತಗಡಿಂದ ಚಿತ್ರದ ಅಚ್ಚು ತೆಗೆಯೋ ಎಚಿಂಗ್ ಪ್ರೆಸ್ ಮನೇಲಿ ಇಡಕ್ಕಾಗುತ್ತಾ? ಎದುರಿಗೆ ಮಾಡೆಲ್ ಕೂರಿಸ್ಕೊಂಡು ದಿನಾ ಎರಡು ಗಂಟೆ ಬರೆಯೋದು, ಜೇಡಿಮಣ್ಣಲ್ಲಿ ತಲೆ ಮಾಡೋದು, ಪಕ್ಕದವನು ನಿನಗಿಂತ ಚೆನ್ನಾಗಿ ಮಾಡಿದ್ದು ನೋಡಿ ರಾತ್ರಿ ನಿದ್ದೆ ಬರದೇ ಇರೋದು, ಇದು ಕಾಲೇಜಲ್ಲೇ ಆಗ್ಬೇಕು. ಬಿವಿಎ ನಾಲ್ಕು ವರ್ಷ, ಪಿಯುಸಿ ಯಾವ ಸಬ್ಜೆಕ್ಟ್ ಆದ್ರೂ ನಡೆಯುತ್ತೆ. ಮೊದಲನೇ ವರ್ಷ ಫೌಂಡೇಶನ್, ಎಲ್ಲಾ ಸ್ವಲ್ಪ ಸ್ವಲ್ಪ, ಆಮೇಲೆ ಪೇಂಟಿಂಗು, ಸ್ಕಲ್ಪ್ಚರು, ಗ್ರಾಫಿಕ್ಸು, ಅಪ್ಲೈಡ್ ಆರ್ಟು (ಜಾಹೀರಾತು, ಡಿಸೈನ್ ಕೆಲಸ) ಅಂತ ಬೇರೆ ಆಗುತ್ತೆ. ಇಲ್ಲಿ ಗ್ರಾಫಿಕ್ಸ್ ಅಂದ್ರೆ ಕಂಪ್ಯೂಟರ್ ಅಲ್ಲ, ಅಚ್ಚು ಹಾಕೋ ಪ್ರಿಂಟ್‌ಮೇಕಿಂಗು. ಎಷ್ಟೋ ಮಕ್ಕಳು ಇದನ್ನ ತಪ್ಪು ತಿಳ್ಕೊಂಡು ತಗೊಂಡು ಆಮೇಲೆ ಕೈಗೆ ಮಸಿ ಹತ್ತಿದಾಗ ಅಳ್ತಾರೆ.

ಒಂದು ಮಾತು, ಬೇಜಾರ್ ಮಾಡ್ಕೋಬೇಡಿ. ಆ ನಾಲ್ಕು ಸಾವಿರ ಲೈಕ್ ಬಂದಿದ್ದು ಅಪ್ಪುಗೆ, ಡ್ರಾಯಿಂಗಿಗಲ್ಲ. ಫೋಟೋ ಮೇಲೆ ಗ್ರಿಡ್ ಹಾಕಿ ಚೌಕ ಚೌಕ ನೋಡಿ ತುಂಬಿಸೋದನ್ನ ತಾಳ್ಮೆ ಇರೋ ಯಾರು ಬೇಕಾದ್ರೂ ಮಾಡ್ತಾರೆ. ಎಂಟ್ರೆನ್ಸ್ ಟೆಸ್ಟಲ್ಲಿ ಒಂದು ಸ್ಟೂಲು, ಅದರ ಮೇಲೊಂದು ಮಡಕೆ, ಒಂದು ಬಟ್ಟೆ ಇಟ್ಟು ಬರಿ ಅಂತಾರೆ, ಅಥವಾ ಬಸ್‌ಸ್ಟ್ಯಾಂಡ್ ದೃಶ್ಯ ನೆನಪಿಂದ ಬರಿ ಅಂತಾರೆ, ಆಗ ಗ್ರಿಡ್ ಹುಡುಗರ ಕೈ ನಡುಗುತ್ತೆ. ನಾನು ನಡುಗಿದ್ದೆ. ಮಡಕೆಯ ಬಾಯಿ ದುಂಡಗೆ ಬರೆದುಬಿಟ್ಟೆ, ಕಣ್ಣಿಗೆ ಕಾಣೋದು ಮೊಟ್ಟೆ ಆಕಾರ ಅನ್ನೋದೂ ಗೊತ್ತಿರಲಿಲ್ಲ. ಇವತ್ತಿಂದ್ಲೇ ಫೋನ್ ಪಕ್ಕಕ್ಕಿಟ್ಟು ಎದುರಿಗಿರೋದನ್ನ ನೋಡಿ ಬರೆಯಕ್ಕೆ ಹೇಳಿ, ಚಪ್ಪಲಿ, ಒಲೆ ಮೇಲಿನ ಪಾತ್ರೆ, ನಿದ್ದೆ ಮಾಡ್ತಿರೋ ಅಜ್ಜಿ, ಸಂತೆ. ದಿನಕ್ಕೆ 10, ಒಂದೊಂದು ಐದು ನಿಮಿಷ, ರಬ್ಬರ್ ಮುಟ್ಟಂಗಿಲ್ಲ.

ಫ್ರೇಮ್ ಅಂಗಡಿ:

ನಾನು ಆರ್ಟಿಸ್ಟ್ ಅಲ್ಲ ಗುರು, ಬೆಂಗಳೂರಲ್ಲಿ ಫ್ರೇಮ್ ಹಾಕೋನು, ತಂದೆ ಕಾಲದಿಂದ ಅಂಗಡಿ. ಮೇಲಿನೋರು ಕೈಯಿಂದ ಮಾಡೋದು ಹೇಳಿದ್ರು, ನಾನು ಮಾಡಾದ್ಮೇಲೆ ಏನಾಗುತ್ತೆ ಹೇಳ್ತೀನಿ, ಯಾಕಂದ್ರೆ ಚಿತ್ರ ಚೆನ್ನಾಗಿ ಬರೆದು ಆಮೇಲೆ ಹಾಳು ಮಾಡ್ಕೊಂಡು ನಮ್ಮತ್ರ ಬರೋರು ಡಿಸೆಂಬರ್ ಬಂತೂಂದ್ರೆ ದಿನಾ ಇಬ್ರು ಮೂವರು, ಎಲ್ರಿಗೂ ಸಂತೆಗೆ ಮುಂಚೆ ಬೇಕು.

ಒಂದು ಹುಡುಗ, ಅಕ್ರಿಲಿಕ್ ಬಣ್ಣದ ಕೆಲಸ, ನಾಲ್ಕಡಿ ಕ್ಯಾನ್ವಾಸು, ತುಂಬಾ ಚೆನ್ನಾಗಿತ್ತು, ಕೆರೆ ಏರಿ ಮೇಲೆ ಎಮ್ಮೆಗಳು. ಡೆಲ್ಲಿಗೆ ಕಳಿಸಬೇಕು ಅಂತ ಬಬಲ್ ರ್ಯಾಪನ್ನ ಸೀದಾ ಬಣ್ಣದ ಮೇಲೇ ಸುತ್ತಿ ಲಾರಿಗೆ ಹಾಕ್ದ. ಬೇಸಿಗೆ. ಅಲ್ಲಿ ಬಿಚ್ಚಿದ್ರೆ ಎಮ್ಮೆ ಮೈ ತುಂಬಾ ದುಂಡು ದುಂಡು ಗುಳಿ, ಸಿಡುಬು ಬಂದಂಗೆ. ಅಕ್ರಿಲಿಕ್ ಬಿಸಿಗೆ ಮೆತ್ತಗಾಗುತ್ತೆ, ಪ್ಲಾಸ್ಟಿಕ್ ಒತ್ತಿದ್ರೆ ಅಚ್ಚು ಬೀಳುತ್ತೆ. ಮೊದಲು ಗ್ಲಾಸಿನ್ ಪೇಪರ್ (ನುಣುಪಾದ, ಅಂಟದ ತೆಳು ಕಾಗದ), ಇಲ್ಲಾಂದ್ರೆ ಒಳ್ಳೇ ಬಟರ್ ಪೇಪರ್ ಹಾಕಿ, ಬಬಲ್ ಇರೋ ಮಗ್ಗುಲನ್ನ ಹೊರಗಡೆ ಮಾಡಿ ಸುತ್ತಬೇಕು. ಕ್ಯಾನ್ವಾಸ್ ಬಿಚ್ಚಿ ಸುರುಳಿ ಮಾಡೋದಾದ್ರೆ ಬಣ್ಣದ ಮಗ್ಗುಲು ಹೊರಗಡೆ ಬರಬೇಕು, ದಪ್ಪ ಪೈಪಿನ ಮೇಲೆ. ನೂರರಲ್ಲಿ ತೊಂಬತ್ತು ಜನ ಒಳಗಡೆ ಮಾಡಿ ಸುತ್ತುತಾರೆ, ಬಣ್ಣ ಸೇಫ್ ಆಗಿರ್ಲಿ ಅಂತ ಪಾಪ, ಬಿಚ್ಚುವಾಗ ಚಕ್ಕೆ ಏಳುತ್ತೆ.

ಆಯಿಲ್ ಬಣ್ಣದಲ್ಲಿ ಮಾಡೋರಿಗೆ ಇನ್ನೊಂದು, ಅಕ್ರಿಲಿಕ್ ಮೇಲೆ ಆಯಿಲ್ ಕೂರುತ್ತೆ, ಆಯಿಲ್ ಮೇಲೆ ಅಕ್ರಿಲಿಕ್ ಕೂರಲ್ಲ, ಸಿಪ್ಪೆ ಎದ್ದಂಗೆ ಏಳುತ್ತೆ. ವಾಟರ್‌ಕಲರ್‌ನ ಹಿಂದೆ ಫುಲ್ಲಾಗಿ ಫೆವಿಕಾಲ್ ಬಳಿದು ಬೋರ್ಡಿಗೆ ಅಂಟಿಸಿ ತರೋರಿಗಂತೂ ನಾನು ಕೈ ಮುಗಿದುಬಿಡ್ತೀನಿ.

ರೇಟು. ಇದು ಯಾರೂ ಹೇಳ್ಕೊಡಲ್ಲ. ಹೊಸಬರು ಇಂಚಿನ ಲೆಕ್ಕ ಇಟ್ಕೊಳ್ಳೋದು ಒಳ್ಳೇದು. 18 ಇಂಟು 24 ಅಂದ್ರೆ 432 ಚದರ ಇಂಚು, ಇಂಚಿಗೆ 10 ರೂಪಾಯಿ ಹಿಡಿದ್ರೆ 4,320, ಅದಕ್ಕೆ ಕ್ಯಾನ್ವಾಸು ಫ್ರೇಮು ಖರ್ಚು ಸೇರಿಸಿ. ಎರಡು ವರ್ಷಕ್ಕೊಮ್ಮೆ ಇಂಚಿನ ರೇಟ್ ಸ್ವಲ್ಪ ಏರಿಸಿ. ಮೂಡ್ ನೋಡ್ಕೊಂಡು ಇದಕ್ಕೆ ಐವತ್ತು ಸಾವಿರ ಅದಕ್ಕೆ ಎರಡು ಸಾವಿರ ಅಂದ್ರೆ ಗಿರಾಕಿ ನಂಬಲ್ಲ. ಗ್ಯಾಲರಿ ಮೂಲಕ ಹೋದ್ರೆ ಕಮಿಷನ್ ಇರುತ್ತೆ, ಮೂವತ್ತರಿಂದ ಐವತ್ತು ಪರ್ಸೆಂಟ್ ತನಕ ನಾನು ಕೇಳಿದೀನಿ, ಅಂದ್ರೆ 20,000ದ ಚಿತ್ರಕ್ಕೆ 40 ಪರ್ಸೆಂಟ್ ಹೋಗಿ ಕೈಗೆ 12,000, ಅದ್ರಲ್ಲಿ ನನ್ನ ಫ್ರೇಮಿನ ದುಡ್ಡೂ ಸೇರಿದೆ. ಆದ್ರೆ ಗ್ಯಾಲರಿಲಿ 20,000 ಇಟ್ಟು ಮನೇಲಿ 12,000ಕ್ಕೆ ಕೊಟ್ರೆ ಊರಿಗೆಲ್ಲಾ ಗೊತ್ತಾಗುತ್ತೆ, ಆ ಗ್ಯಾಲರಿ ಮತ್ತೆ ಕರಿಯಲ್ಲ.

ಏನು ಹೋಗುತ್ತೆ ಅಂತ ಕೇಳಿದ್ರೆ ಬುದ್ಧ, ಏಳು ಕುದುರೆ, ಗಣೇಶ, ಅದು ಬಿಡಿ ಯಾವತ್ತಿದ್ರೂ ಹೋಗುತ್ತೆ. ಸೋಫಾ ಬಟ್ಟೆ ತುಂಡು ಕೈಯಲ್ಲಿ ಹಿಡ್ಕೊಂಡು ಮ್ಯಾಚಿಂಗ್ ಪೇಂಟಿಂಗ್ ಹುಡ್ಕೋರನ್ನ ಸಂತೇಲಿ ನಾನೇ ನೋಡಿದೀನಿ. ಆದ್ರೆ ಆ ಎಮ್ಮೆ ಹುಡುಗ ಹತ್ತು ವರ್ಷದಿಂದ ಬರೀ ಕೆರೆ ಏರಿ ಮಾಡ್ತಿದಾನೆ, ಮೊದಮೊದಲು ಒಂದೂ ಹೋಗ್ತಿರಲಿಲ್ಲ, ಈಗ ಅವನ ಹೆಸರು ಹೇಳ್ಕೊಂಡು ಬರ್ತಾರೆ ನಮ್ಮಂಗಡಿಗೆ. ಬುದ್ಧ ಮಾಡೋನ ಹೆಸರು ಕೇಳ್ಕೊಂಡು ಬಂದೋರನ್ನ ನಾನು ಕಾಣೆ.

ರಾಣೆಬೆನ್ನೂರ್ ಹುಡುಗ:

ಇಬ್ಬರಿಗೂ ಭಾಳ ಥ್ಯಾಂಕ್ಸ್ ರಿ. ಲೈಕ್ ವಿಷಯ ಓದಿ ತಂಗಿ ಮಾರಿ ಊದಿಸ್ಕೊಂಡ್ಲು, ಆಮ್ಯಾಲೆ ನಮ್ಮವ್ವನ ಚಪ್ಲಿ ಬರದ್ಲು, ಎಲ್ಡೂ ಎಡಗಾಲಿನ ಚಪ್ಲಿ ಆಗಿದ್ವು. ಈಗ ಅಪ್ಪಂದು ಒಂದಽ ಪ್ರಶ್ನಿ, ಸರ್ಕಾರಿ ನೌಕರಿ ಸಿಗ್ತದೇನು. ಮತ್ತ ಬೆಂಗಳೂರು ಮೈಸೂರು ಅಂದ್ರ ಹಾಸ್ಟೆಲ್ಲು ಖರ್ಚು ನಮಗ ಆಗಂಗಿಲ್ರಿ, ಈ ಕಡೆ ಎಲ್ಲರ ಕಾಲೇಜ್ ಅದಾವೇನು?

ಕಲಾ ಮಾಸ್ತರ್:

ತಮ್ಮಾ, ನಾನೂ ನಿಮ್ ಕಡೆಯಾಂವನಽ, ಗದಗ ಜಿಲ್ಲಾ, ಹೈಸ್ಕೂಲ್ ಡ್ರಾಯಿಂಗ್ ಮಾಸ್ತರ್, ಇನ್ನೊಂದ್ ನಾಕ್ ವರ್ಷಕ್ಕ ರಿಟೈರ್ ಆಗ್ತೀನಿ. ರಾಣೆಬೆನ್ನೂರಿನ್ಯಾಗ ಕುಂತು ಬೆಂಗಳೂರು ಯಾಕ ನೋಡ್ತೀರಿ, ಹರಿಹರ ದಾಟಿದ್ರ ದಾವಣಗೆರಿ, ಅಲ್ಲಿ ಯೂನಿವರ್ಸಿಟಿದಽ ದೃಶ್ಯಕಲಾ ಕಾಲೇಜ್ ಐತಿ, ರೈಲಿನ ಪಾಸ್ ಮಾಡಿಸಿದ್ರ ಮನಿಯಿಂದಽ ಹೋಗಿ ಬರಬಹುದು. ಧಾರವಾಡ, ಗದಗ, ಕಲಬುರಗಿಯಾಗೂ ಚಿತ್ರಕಲಾ ಕಾಲೇಜ್ ಅದಾವ. ಧಾರವಾಡದಾಗ ಹಾಲಭಾವಿ ಅವರು 1930ರ ದಶಕದಾಗಽ ಆರ್ಟ್ ಸ್ಕೂಲ್ ಕಟ್ಟಿದ್ರು, ಈ ಭಾಗದ ಎಷ್ಟೋ ಮಾಸ್ತರಗೋಳು ಆ ಗರಡಿಯೊಳಗ ತಯಾರಾದಾರ. ಕಲಬುರಗಿ ಅಂದ್ರ ಎಸ್.ಎಂ. ಪಂಡಿತರ ಊರು, ಸಿನಿಮಾ ಪೋಸ್ಟರ್ ಮತ್ತ ಕ್ಯಾಲೆಂಡರ್ ಚಿತ್ರ ಬರದು ದೇಶಕ್ಕೆಲ್ಲಾ ಗೊತ್ತಾದಾಂವ. ನಮ್ ಕಡೆಯಿಂದ ಏನೂ ಆಗಂಗಿಲ್ಲ ಅನ್ನೋ ಮಾತು ಬ್ಯಾಡ. ಕಾಲೇಜ್ ಸೇರೋ ಮುಂಚೆ ಮಾತ್ರ ಹೋಗಿ ಕಣ್ಣಾರೆ ನೋಡ್ರಿ, ಖಾಯಂ ಮಾಸ್ತರು ಎಷ್ಟು ಮಂದಿ ಅದಾರ, ಗ್ರಾಫಿಕ್ಸ್ ಪ್ರೆಸ್ ತಿರಗ್ತದೋ ತುಕ್ಕು ಹಿಡದೇತೋ, ಹುಡುಗ್ರು ಸಂಜಿ ಆರಕ್ಕ ಕ್ಲಾಸಿನ್ಯಾಗ ಇರ್ತಾರೋ ಮೂರಕ್ಕ ಬೀಗ ಬೀಳ್ತದೋ. ಬೀಗದ ಟೈಮ್ ನೋಡಿದ್ರ ಕಾಲೇಜಿನ ಹಣೆಬರಹ ತಿಳೀತದ.

ನೌಕರಿ ವಿಷಯ. ಖರೇ ಹೇಳಬೇಕಂದ್ರ ರಾಜ್ಯ ಸರ್ಕಾರದ ಹೈಸ್ಕೂಲ್ ಡ್ರಾಯಿಂಗ್ ಮಾಸ್ತರ್ ಪೋಸ್ಟ್ ನಂಬ್ಕೊಂಡು ಕುಂದರಬ್ಯಾಡ್ರಿ. ನಾ ರಿಟೈರ್ ಆದ ಮ್ಯಾಲೆ ನನ್ನ ಕುರ್ಚಿಗೆ ಇನ್ನೊಬ್ಬ ಬರ್ತಾನ ಅನ್ನೋ ಭರವಸಾ ನನಗಽ ಇಲ್ಲ. ಕೇಂದ್ರೀಯ ವಿದ್ಯಾಲಯ, ನವೋದಯದಾಗ ಕಲಾ ಶಿಕ್ಷಕರನ್ನ ತಗೋತಾರ, ಅಖಿಲ ಭಾರತ ಪೈಪೋಟಿ. ಕಾಲೇಜ್ ಲೆಕ್ಚರರ್ ಆಗೂದಾದ್ರ ಬಿವಿಎ ಮ್ಯಾಲಿನ ಎಂವಿಎ ಡಿಗ್ರಿ ಮುಗಿಸಿ ಯುಜಿಸಿ ನೆಟ್ ಅನ್ನೋ ಅರ್ಹತಾ ಪರೀಕ್ಷಾ ಬರೀಬೇಕು, ದೃಶ್ಯಕಲಾ ಅಂತ ಬ್ಯಾರೆ ಸಬ್ಜೆಕ್ಟಽ ಐತಿ. ಜೆಆರ್‌ಎಫ್ ಅನ್ನೋ ಫೆಲೋಶಿಪ್ ಸಿಕ್ಕರ ಸಂಶೋಧನಾ ಮಾಡ್ಕೋತ ತಿಂಗಳಿಗೆ 37,000 ಬರ್ತದ, ನಿಮ್ಮಪ್ಪಗ ಇದನ್ನ ದೊಡ್ಡ ಅಕ್ಷರದಾಗ ಬರದು ತೋರಸ್ರಿ. ಆದ್ರ ಆ ಪರೀಕ್ಷಾದಾಗ ಬ್ರಷ್ ಹಿಡಿಯೋ ಮಾತಿಲ್ಲ. ಕಲಾ ಇತಿಹಾಸ, ಅಜಂತಾದಿಂದ ಹಿಡದು ಬಂಗಾಳ ಸ್ಕೂಲ್ ತನಕ, ಷಡಂಗ (ಚಿತ್ರಕಲಾದ ಆರು ಅಂಗ), ಯುರೋಪಿನ ಕಲಾ ಚಳವಳಿ, ಪ್ರಿಂಟಿಂಗ್ ತಂತ್ರ, ಎಲ್ಲಾ ಓದಬೇಕು. ಚಿತ್ರಾ ಬರಿಯೋ ಹುಡುಗ್ರು ಥಿಯರಿ ಅಂದಕೂಡ್ಲೆ ಓಡ್ತಾರ, ಇಲ್ಲಿ ಕಾಮರ್ಸ್ ಹುಡುಗಿಗೆ ಓದೋ ರೂಢಿ ಇರೂದ್ರಿಂದ ಅನುಕೂಲ.

ಈಗಽ ಮಾಡಬಹುದಾದ ಒಂದ್ ಸಣ್ಣ ಕೆಲಸ, ಲೋಯರ್ ಮತ್ತ ಹೈಯರ್ ಡ್ರಾಯಿಂಗ್ ಗ್ರೇಡ್ ಪರೀಕ್ಷಾ ಆಕಿ ಹೈಸ್ಕೂಲಿನ್ಯಾಗ ಬರದಾಳೇನು ಕೇಳ್ರಿ, ಆ ಸರ್ಟಿಫಿಕೇಟ್ ಇದ್ರ ತಗದು ಇಟ್ಕೋರಿ. ಇನ್ನೊಂದು, ಕೇಂದ್ರ ಸಂಸ್ಕೃತಿ ಇಲಾಖೆಯವರು 18ರಿಂದ 25 ವಯಸ್ಸಿನ ಕಲಾವಿದರಿಗೆ ತಿಂಗಳಿಗೆ 5,000ದಂತೆ ಎಲ್ಡ್ ವರ್ಷ ಸ್ಕಾಲರ್‌ಶಿಪ್ ಕೊಡ್ತಾರ. 25 ದಾಟಿದ ಮ್ಯಾಲೆ 40ರ ತನಕ ಜೂನಿಯರ್ ಫೆಲೋಶಿಪ್, ತಿಂಗಳಿಗೆ 10,000. ನಮ್ ಹುಡುಗ್ರು ಅರ್ಜಿನಽ ಹಾಕಂಗಿಲ್ಲ, ಇಂಗ್ಲಿಷ್ನ್ಯಾಗ ಎಲ್ಡ್ ಪುಟ ಬರೀಬೇಕಾಗ್ತದ ಅಂತ ಹೆದರಿ. ಪ್ರತಿಭಾ ಇದ್ದಾವಗ ಸಿಗಲಿಲ್ಲ ಅಂತ ಆಮ್ಯಾಲೆ ಅಳ್ತಾರ, ಅರ್ಜಿ ಹಾಕಿದ್ದೇನೋ ತಮ್ಮಾ ಅಂದ್ರ ಇಲ್ಲ ಸರ್ ಅಂತಾರ. ಸಾಕಾಗಿ ಹೋಗೇತಿ ನನಗ.

ಗೋಪಿಚಂದನ:

ನಾನು ಮಂಗಳೂರಿನವಳು, ಹನ್ನೆರಡು ವರ್ಷದಿಂದ ಮ್ಯೂರಲ್ (ಗೋಡೆ ಚಿತ್ರ) ಮತ್ತೆ ಪೋರ್ಟ್ರೇಟ್ ಆರ್ಡರ್ ತಗೊಂಡು ಮಾಡುವುದು. ಹುಡುಗಿ ಅಂತ ಕೇಳಿದ ಕಾರಣ ಬರಿತಾ ಇದ್ದೇನೆ. ಇಲ್ಲಿ ತನಕ ಗಂಡಸರೇ ಹೇಳಿದ್ದಲ್ವ, ಒಂದು ವಿಷಯ ಬಿಟ್ಟುಹೋಗಿದೆ. ಗೋಡೆ ಕೆಲಸ ಅಂದ್ರೆ ಎರಡು ಮಾಳಿಗೆ ಎತ್ತರದ ಸಾರುವೆ ಮೇಲೆ ನಿಲ್ಬೇಕು, ಬೆಳಿಗ್ಗೆ ಏಳರಿಂದ ಸಂಜೆ ತನಕ, ಸೈಟಲ್ಲಿ ಟಾಯ್ಲೆಟ್ ಉಂಟಾ ಅಂತ ಮೊದಲೇ ಕೇಳಿಕೊಳ್ಳುವುದು ನಾನು ಈಗ ಕೊಟೇಶನ್‌ನಲ್ಲೇ ಹಾಕ್ತೇನೆ. ನಗಬೇಡಿ ಮಾರಾಯ್ರೆ. ಮೊದಲ ಎರಡು ವರ್ಷ ನೀರು ಕುಡಿಯದೆ ಕೆಲಸ ಮಾಡಿ ಕಿಡ್ನಿ ಸ್ಟೋನ್ ಆಗಿ ಆಸ್ಪತ್ರೆಗೆ ಕಟ್ಟಿದ್ದು ಆ ಸಲದ ಕೆಲಸದ ಪೂರ್ತಿ ದುಡ್ಡು.

ಆದ್ರೆ ನಾನು ಹೇಳಬೇಕು ಅಂತ ಬಂದದ್ದು ಬೇರೆ. ಕಾಗದ ಪತ್ರದ ವಿಷಯ. ಒಂದು ಹೋಟೆಲಿನವರು, ಹೆಸರು ಬೇಡ, ರೆಸ್ಟೋರೆಂಟಿನ ಗೋಡೆಗೆ ಅಂತ ಒಂದು ದೊಡ್ಡ ಚಿತ್ರ ಮಾಡಿಸಿದ್ರು. ಭೂತಕೋಲ, ಕಂಬಳ, ಮೀನಿನ ಬುಟ್ಟಿ ಹೊತ್ತ ಹೆಂಗಸರು, ಎಲ್ಲ ಇತ್ತು, 23 ದಿವಸದ ಕೆಲಸ. ವಾಟ್ಸಾಪಲ್ಲೇ ಮಾತು, ವಾಟ್ಸಾಪಲ್ಲೇ ರೇಟು. ಆರು ತಿಂಗಳು ಕಳೆದು ಯಾರೋ ಫ್ರೆಂಡ್ ಕ್ಯಾಲೆಂಡರ್ ಕಳಿಸಿದಳು, ನೋಡಿದ್ರೆ ನನ್ನ ಮೀನು ಮಾರುವ ಹೆಂಗಸು ಕ್ಯಾಲೆಂಡರಲ್ಲಿ, ಮೆನು ಕಾರ್ಡಲ್ಲಿ, ಪಾರ್ಸೆಲ್ ಚೀಲದ ಮೇಲೆ! ನನ್ನ ಹೆಸರಿಲ್ಲ. ಸಿಟ್ಟಲ್ಲಿ ವಕೀಲರ ಹತ್ರ ಹೋದೆ, ಅವರು 1957ರ ಕಾಪಿರೈಟ್ ಕಾಯ್ದೆ ತೆಗೆದು 17ನೇ ಸೆಕ್ಷನ್ ತೋರಿಸಿದ್ರು. ದುಡ್ಡು ಕೊಟ್ಟು ಇನ್ನೊಬ್ಬರು ಹೇಳಿ ಮಾಡಿಸಿದ ಪೇಂಟಿಂಗ್, ಪೋರ್ಟ್ರೇಟ್ ಆದ್ರೆ, ಬೇರೆ ಒಪ್ಪಂದ ಇಲ್ಲದಿದ್ರೆ ಕಾಪಿರೈಟ್ ಮಾಡಿಸಿದವರದ್ದೇ. ಅದೇ ನಾನು ನನ್ನ ಪಾಡಿಗೆ ಮನೆಯಲ್ಲಿ ಬರೆದು ಆಮೇಲೆ ಮಾರಿದ್ದಾದ್ರೆ ಕ್ಯಾನ್ವಾಸ್ ಮಾತ್ರ ಅವರದ್ದು, ಕಾಪಿರೈಟ್ ನನ್ನ ಹತ್ರ ಉಳಿಯುತ್ತದೆ. ಹೆಸರು ಹಾಕಲಿಲ್ಲ ಅನ್ನುವುದಕ್ಕೆ ಬೇರೆ ಸೆಕ್ಷನ್ ಉಂಟು, 57, ನಾನೇ ಬರೆದದ್ದು ಅಂತ ಹೇಳಿಕೊಳ್ಳುವ ಹಕ್ಕು ಕಾಪಿರೈಟ್ ಹೋದ್ರೂ ಹೋಗುವುದಿಲ್ಲ. ವಕೀಲರು ಆ ಆಧಾರದಲ್ಲಿ ಒಂದು ನೋಟಿಸ್ ಕಳಿಸಿದ್ರು, ಕೊನೆಗೆ ಮುಂದಿನ ಪ್ರಿಂಟಲ್ಲಿ ಮೂಲೆಯಲ್ಲಿ ಇರುವೆ ಗಾತ್ರಕ್ಕೆ ನನ್ನ ಹೆಸರು ಬಂತು. ದುಡ್ಡು ಎಂತದೂ ಬರಲಿಲ್ಲ.

ಈಗ ಒಂದೇ ಪುಟದ ಒಪ್ಪಂದ ಇಟ್ಟಿದ್ದೇನೆ, ಕನ್ನಡದಲ್ಲೇ. ಅಳತೆ, ಯಾವ ಬಣ್ಣ, ಎಷ್ಟು ಸಲ ಬದಲಾವಣೆ ಮಾಡಿಕೊಡುವುದು (ಎರಡು, ಮೂರನೆಯದಕ್ಕೆ ಬೇರೆ ದುಡ್ಡು), ಅರ್ಧ ಅಡ್ವಾನ್ಸು, ಕಾಪಿರೈಟ್ ಕಲಾವಿದೆಯದ್ದು, ಬೇರೆ ಕಡೆ ಪ್ರಿಂಟ್ ಮಾಡಲಿಕ್ಕೆ ಪ್ರತ್ಯೇಕ ಅನುಮತಿ. ಇದಕ್ಕೆ ಸಹಿ ಹಾಕಲಿಕ್ಕೆ ತಕರಾರು ಮಾಡಿದ ಪಾರ್ಟಿಗಳು ಇದ್ದಾರೆ, ನಾನು ಆ ಕೆಲಸ ಬಿಟ್ಟಿದ್ದೇನೆ, ಬಿಟ್ಟದ್ದಕ್ಕೆ ಇವತ್ತಿನ ತನಕ ಬೇಸರ ಆಗಲಿಲ್ಲ.

ಮತ್ತೆ ಪ್ರತಿ ಚಿತ್ರದ್ದು ಫೋಟೋ ತೆಗೆದಿಡಲಿಕ್ಕೆ ಹೇಳಿ ತಂಗಿಗೆ. ಫ್ಲ್ಯಾಶ್ ಬೇಡ, ಟ್ಯೂಬ್‌ಲೈಟ್ ಬೇಡ, ಬೆಳಿಗ್ಗೆ ಜಗಲಿಯ ನೆರಳಲ್ಲಿ ಸ್ಟ್ಯಾಂಡಿಗೆ ಫೋನ್ ಇಟ್ಟು, ಚಿತ್ರದ ನಾಲ್ಕು ಮೂಲೆ ಸೊಟ್ಟ ಆಗದ ಹಾಗೆ. ಹಿಂದೆ ಹೆಸರು, ವರ್ಷ, ಮಾಧ್ಯಮ, ಅಳತೆ ಬರೆಯುವುದು. ನನ್ನ ಮೊದಲ ಐದು ವರ್ಷದ ಕೆಲಸ ಯಾರ ಮನೆಯಲ್ಲಿ ಉಂಟು ಅಂತ ನನಗೇ ಗೊತ್ತಿಲ್ಲ, ಒಂದು ಫೋಟೋ ಇಲ್ಲ. ಫೆಲೋಶಿಪ್ಪಿಗೆ, ರೆಸಿಡೆನ್ಸಿಗೆ (ಬೇರೆ ಊರಲ್ಲಿ ಉಳಿದು ಚಿತ್ರ ಮಾಡುವ ಅವಕಾಶ) ಎಲ್ಲ ಕೇಳುವುದು ಅದನ್ನೇ, 10-12 ಕೆಲಸದ ಫೋಟೋ ಮತ್ತೆ ಒಂದು ಪುಟ ಬರಹ.

ಸುಮ್ನೆ ಓದೋನು:

ಎಲ್ಲಾ ಸರಿ ಸಾರ್, ಆದ್ರೆ ಈಗ ಎಐ ಬಂದಿದೆ, ಅರ್ಧ ನಿಮಿಷದಲ್ಲಿ ಚಿತ್ರ ಬರುತ್ತೆ. ಇನ್ನು ನಾಲ್ಕು ವರ್ಷ ಕೂತು ಮಡಕೆ ಬರೆಯೋದು ಕಲೀಬೇಕಾ? ಬಿಕಾಂ ಮಾಡಿ ಬ್ಯಾಂಕ್ ಎಕ್ಸಾಮ್ ಬರಿಲಿ, ಭಾನುವಾರ ಚಿತ್ರ ಬರ್ಕೊಳ್ಲಿ. ಸುಮ್ನೆ ಹುಡುಗಿ ಲೈಫ್ ಹಾಳು ಮಾಡ್ಬೇಡಿ.

ಇದ್ದಿಲು ಮತ್ತು ಚಹಾ:

ಸುಮ್ನೆ ಓದೋನು ಅವರೇ, ನಿಮ್ಮ ಮಾತಲ್ಲಿ ಅರ್ಧ ಒಪ್ಕೋತೀನಿ. ಪುಸ್ತಕದ ಕವರು, ಪತ್ರಿಕೆ ಇಲಸ್ಟ್ರೇಶನ್ನು, ಬ್ಯಾನರು, ಇದರ ಸಣ್ಣಪುಟ್ಟ ಕೆಲಸ ಕಮ್ಮಿ ಆಗಿದೆ, ನನಗೇ ಬರ್ತಿದ್ದ ಎರಡು ಪಬ್ಲಿಷರ್ ಕೆಲಸ ನಿಂತುಹೋಯ್ತು. ಫ್ಲೆಕ್ಸ್ ಬಂದಾಗ ಬೋರ್ಡ್ ಬರೆಯೋ ಆರ್ಟಿಸ್ಟುಗಳಿಗೆ ಇದೇ ಆಗಿತ್ತು. 2009ರ ಸುಮಾರಿಗೆ ಬೆಂಗಳೂರಲ್ಲಿ ಪಾಲಿಕೆಯವರು ರಸ್ತೆ ಗೋಡೆಗಳಿಗೆ ಚಿತ್ರ ಬರೆಸಿದಾಗ ಆ ಹಳೇ ಕೈಗಳಿಗೆ ಒಂದಷ್ಟು ದಿನ ಕೆಲಸ ಸಿಕ್ತು, ಆಮೇಲೆ ಅದೂ ನಿಂತಿತು. ಹೋದೋರು ಹೋದ್ರು, ಸುಳ್ಳು ಯಾಕೆ ಹೇಳಲಿ. ಆದ್ರೆ ಗೋಡೆಗೆ ಅಂತ ಕೈಯಲ್ಲಿ ಮಾಡಿದ್ದನ್ನ ದುಡ್ಡು ಕೊಟ್ಟು ತಗೊಳ್ಳೋನು ಬೇರೆ ಗಿರಾಕಿ. ಅವನು ನನ್ನ ಸ್ಟುಡಿಯೋಗೆ ಬರ್ತಾನೆ, ಟೀ ಕುಡೀತಾನೆ, ಈ ಬಿಳಿ ಯಾಕೆ ಇಲ್ಲಿ ಇಷ್ಟು ದಪ್ಪ ಹಾಕಿದ್ರಿ ಅಂತ ಕೇಳ್ತಾನೆ. ಆ ಮಾತು ಆಡಕ್ಕೆ ಬರಬೇಕು, ಅದೂ ಒಂದು ಸ್ಕಿಲ್ಲೇ, ನಾನು ಮೊದಮೊದಲು ಬಾಯಿ ಬಿಡ್ತಾನೇ ಇರಲಿಲ್ಲ.

ಬ್ಯಾಂಕ್ ಕೆಲಸ ಮಾಡ್ಕೊಂಡು ಬರೀಲಿ ಅನ್ನೋದು ತಪ್ಪು ಸಲಹೆ ಅಲ್ಲ. ಹೆಸರಾಂತ ಚಿತ್ರಕಾರ ನಮ್ಮ ಕಟ್ಟಿಂಗೇರಿ ಹೆಬ್ಬಾರರೇ ಮುಂಬೈ ಜೆಜೆ ಸ್ಕೂಲಲ್ಲಿ ಕಲಿತು ಅಲ್ಲೇ ಕೆಲವು ವರ್ಷ ಮೇಷ್ಟ್ರಾಗಿದ್ರು. ಆದ್ರೆ ಹದಿನೆಂಟನೇ ವಯಸ್ಸಲ್ಲಿ ಕೈ ಎಷ್ಟು ಬೇಗ ಬಗ್ಗುತ್ತೋ ಮೂವತ್ತಕ್ಕೆ ಬಗ್ಗಲ್ಲ, ಭಾನುವಾರದ ಚಿತ್ರಗಾರರು ನನ್ನ ಕ್ಲಾಸಿಗೆ ಬರ್ತಾರೆ, ಅವರ ಕಷ್ಟ ದಿನಾ ನೋಡ್ತೀನಿ.

ರಾಣೆಬೆನ್ನೂರ್ ಬ್ರದರ್, ಬಿವಿಎ ಹತ್ರದಲ್ಲೇ ಮಾಡಿಸಿ, ದಾವಣಗೆರೆಯೋ ಧಾರವಾಡವೋ. ಎಂವಿಎಗೆ ಮಾತ್ರ ಹೊರಗೆ ಕಳಿಸಿ, ಬರೋಡಾ, ಶಾಂತಿನಿಕೇತನದ ಕಲಾಭವನ, ಹೈದರಾಬಾದ್ ಸೆಂಟ್ರಲ್ ಯೂನಿವರ್ಸಿಟಿ. ಫೀಸು ಪ್ರೈವೇಟ್ ಕಾಲೇಜಿನಷ್ಟಿಲ್ಲ, ಸೀಟು ಕಷ್ಟ. ಅಲ್ಲಿ ಕಲಿಯೋದಕ್ಕಿಂತ ಅಲ್ಲಿ ಸಿಗೋ ಜೊತೆಗಾರರು ಮುಂದಿನ ಇಪ್ಪತ್ತು ವರ್ಷ ಕೆಲಸಕ್ಕೆ ಬರ್ತಾರೆ, ಶೋ ಮಾಡುವಾಗ ಒಬ್ಬರನ್ನೊಬ್ಬರು ಕರೀತಾರೆ. ಈ ಮಧ್ಯೆ ಬೆಂಗಳೂರಿಗೆ ಬಂದ್ರೆ ಒಂದಿನ ಪೂರ್ತಿ ಇಟ್ಕೊಂಡು ಪ್ಯಾಲೇಸ್ ರೋಡಿನ ಎನ್‌ಜಿಎಂಎ, ಕಸ್ತೂರಬಾ ರೋಡಿನ ಮ್ಯಾಪ್, ಈ ಎರಡು ಆರ್ಟ್ ಮ್ಯೂಸಿಯಂ ತೋರಿಸಿ. ಪ್ರಿಂಟಲ್ಲಿ ನೋಡಿದ ಚಿತ್ರದ ನಿಜವಾದ ಸೈಜ್ ನೋಡಿ ಮಕ್ಕಳು ಬೆಚ್ಚಿಬೀಳ್ತಾರೆ. ಚಿತ್ರಸಂತೆ ನೋಡಿದ್ದು ಒಳ್ಳೇದೇ, ಆದ್ರೆ ಅದು ಸಂತೆ, ಅಲ್ಲಿ ಮುಂಜಾನೆ ಐದಕ್ಕೆ ಫುಟ್‌ಪಾತಲ್ಲಿ ಹಗ್ಗ ಕಟ್ಟಿ, ರಾತ್ರಿ ಎಂಟಕ್ಕೆ ಹೋಗದೇ ಉಳಿದ ಒಂಬತ್ತು ಕ್ಯಾನ್ವಾಸನ್ನ ಲಗೇಜ್ ಆಟೋಗೆ ತುಂಬೋ ಭಾಗ ನಿಮ್ಮ ತಂಗಿ ನೋಡಿರಲ್ಲ. ಮುಂದಿನ ಜನವರಿಗೆ ಯಾರದ್ದಾದ್ರೂ ಸ್ಟಾಲಲ್ಲಿ ದಿನಪೂರ್ತಿ ಸಹಾಯಕ್ಕೆ ನಿಲ್ಲಿಸಿ. ಬೇಕಾದ್ರೆ ನನ್ನ ಸ್ಟಾಲಲ್ಲೇ ನಿಲ್ಲಲಿ, ಊಟ ಕೊಡಿಸ್ತೀನಿ, ಸಂಬಳ ಇಲ್ಲ.

ಫ್ರೇಮ್ ಅಂಗಡಿ:

ಸಂಬಳ ಇಲ್ಲ ಅಂತ ಹೇಳೋದು ಕಲಿತುಬಿಟ್ಟಿದಾರೆ ಆರ್ಟಿಸ್ಟುಗಳು, ಅವರಿಗೂ ಎಲ್ರೂ ಹಂಗೇ ಹೇಳೋದಕ್ಕೆ 😀

ರಾಣೆಬೆನ್ನೂರ್ ಹುಡುಗ:

ಎಲ್ಲಾರಿಗೂ ಕೈ ಮುಗೀತೀನ್ರಿ. ಇಲ್ಲಿದ್ದದ್ದೆಲ್ಲಾ ಪ್ರಿಂಟ್ ತಗದು ಅಪ್ಪನ ಮುಂದ ಇಟ್ಟೆ. ಜೆಆರ್‌ಎಫ್ 37,000 ಅನ್ನೋದನ್ನ ಎಲ್ಡ್ ಸಲ ಓದಿಸ್ಕೊಂಡ. ದಾವಣಗೆರಿ ಕಾಲೇಜ್ ನೋಡ್ಕೊಂಡು ಬರೋಣು, ಮಾಸ್ತರು ಹೇಳಿದಂಗ ಸಂಜಿ ಮುಂದ ಹೋಗೋಣು ಅಂದಾನ. ಒಪ್ಪಿಗಿ ಅಂತಲ್ಲ, ನೋಡೋಣು ಅಂದಾನ ಅಷ್ಟ.

ತಂಗಿ ನಿನ್ನೆ ಓದೂದು ಬಿಟ್ಟು ಗೆಳತಿ ಜೋಡಿ ಬ್ಯಾಡಗಿಗೆ ಹೋಗಿದ್ಲು, ಮೆಣಸಿನಕಾಯಿ ಸೀಸನ್ ಅಲ್ರೀ ಈಗ, ಮಾರ್ಕೆಟ್ ತುಂಬಾ ಕೆಂಪು. ಸೀನ್ಕೋತ ಕಣ್ಣಾಗ ನೀರು ಸುರಿಸ್ಕೋತ ಮನಿಗೆ ಬಂದ್ಲು, ಅವ್ವನ ಕಡೆ ಬೈಸ್ಕೊಂಡ್ಲು, ಆದ್ರ ನೋಟ್‌ಬುಕ್ಕಿನ್ಯಾಗ 14 ಚಿತ್ರಾ. ಹಮಾಲರು ಚೀಲ ಹೊಲಿಯೂದು, ತಕ್ಕಡಿ, ಚೀಲದ ಮ್ಯಾಲೆ ಮಲಗಿದ ಮುದುಕ. ಅಪ್ಪು ಚಿತ್ರದಷ್ಟು ಚಂದ ಇಲ್ರಿ, ಗೆರಿ ಎಲ್ಲಾ ಹರಕಾಬರಕಾ, ಆದ್ರ ಆ ಮುದುಕನ ಚಿತ್ರ ನೋಡಿ ಅಪ್ಪ, ಇಂವ ನಮ್ ಚನ್ನಪ್ಪಜ್ಜ ಅಲ್ಲನು ಅಂದ. ಖರೇನಽ ಅಂವನಽ. ಮಾರಿ ಬರದಽ ಇಲ್ಲ ಆಕಿ, ಬೆನ್ನಷ್ಟ ಐತಿ.

ಒಂದ್ ಕೇಳೂದಿತ್ತು, ರೂಲ್ಡ್ ನೋಟ್‌ಬುಕ್ ಮ್ಯಾಲೆ ಬರದು ಹಾಳು ಮಾಡಾಕತ್ತಾಳ, ರಾಣೆಬೆನ್ನೂರಾಗ ಸಿಗೋ ಅಂಥಾ ಕಡಿಮಿ ರೊಕ್ಕದ ಹಾಳಿ ಯಾವ್ದರ ಹೇಳ್ರಿ.

ಕಲಾ ಮಾಸ್ತರ್:

ಪ್ರಿಂಟಿಂಗ್ ಪ್ರೆಸ್ಸಿಗೆ ಹೋಗಿ ನ್ಯೂಸ್‌ಪ್ರಿಂಟ್ ಹಾಳಿ ಕಟಿಂಗ್ ಉಳದದ್ದು ಕೇಳು ತಮ್ಮಾ, ಕಿಲೋ ಲೆಕ್ಕದಾಗ ಕೊಡ್ತಾರ. ಹಾಳಿ ಹಳದಿ ಆಗ್ತದ, ಆಗಲಿ, ಅವೇನು ಇಟ್ಕೊಳ್ಳೋ ಚಿತ್ರ ಅಲ್ಲ. ಆ ಚನ್ನಪ್ಪಜ್ಜಂದು ಮಾತ್ರ ಹರದು ಬ್ಯಾರೆ ತಗದಿಡಾಕ ಹೇಳು, ಹಿಂದ ತಾರೀಖು ಬರದು.